ಎಂಟು ಗೇರಿನ ಅಳಿಯ

ಹಾರನಹಳ್ಳಿಯ ಷಡಕ್ಷರಪ್ಪನವರಿಗೆ ಕೊಬ್ಬರಿ ವ್ಯಾಪಾರವಿತ್ತು, ಎರಡು ಲಾರಿಗಳಿದ್ದವು, ತಮಗೆ ಗೊತ್ತಿಲ್ಲದ್ದು ಜಗತ್ತಿನಲ್ಲೇ ಇಲ್ಲ ಎಂಬ ನೆಮ್ಮದಿಯೂ ಇತ್ತು. 1997ರ ಒಂದು ಭಾನುವಾರ ಅವರ ಮಗಳು ಉಷಾರಾಣಿಯನ್ನು ನೋಡಲು ಬಂದ ಬಸವಕುಮಾರ, ಅರಸೀಕೆರೆಯಲ್ಲಿ ಡೀಸೆಲ್ ರೈಲಿನ ಅಸಿಸ್ಟೆಂಟ್ ಡ್ರೈವರ್. ಕಾಫಿ ತಂದ ಹುಡುಗಿ ಒಮ್ಮೆ ಕಣ್ಣೆತ್ತಿ ನೋಡಿದ್ದೇ ತಡ, ಇವಳೊಬ್ಬಳು ಸಿಕ್ಕರೆ ಸಾಕು ದೇವರೇ ಎಂದು ಅವನ ಜೀವ ಹೊಯ್ದಾಡತೊಡಗಿತು.

ಷಡಕ್ಷರಪ್ಪ ಜಾತಕ ಕೇಳಲಿಲ್ಲ, ಸಂಬಳವನ್ನೂ ಕೇಳಲಿಲ್ಲ.

“ನಿಮ್ಮ ಇಂಜಿನ್‌ಗೆ ಎಷ್ಟು ಗೇರಪ್ಪಾ?” ಎಂದರು.

“ಗೇರ್ ಹಾಕೋದೇ ಇಲ್ಲ ಸಾರ್. ಡೀಸೆಲ್ ಇಂಜಿನ್ನು ಜನರೇಟರ್ ತಿರುಗಿಸ್ತದೆ, ಅಷ್ಟೇ. ಅಲ್ಲಿ ಹುಟ್ಟಿದ ಕರೆಂಟು ವೈರಲ್ಲಿ ಕೆಳಗಿರೋ ಮೋಟಾರಿಗೆ ಹೋಗ್ತದೆ. ಚಕ್ರ ತಿರುಗಿಸೋದು ಆ ಮೋಟಾರು.”

“ಮೋಟಾರು ಎಷ್ಟಿರ್ತವೆ?” ಬಾಗಿಲ ಬಳಿ ನಿಂತಿದ್ದ ಉಷಾರಾಣಿ ಕೇಳಿದಳು.

“ಆರು. ಒಂದೊಂದು ಅಚ್ಚಿಗೂ ಒಂದೊಂದು.” ಬಸವಕುಮಾರನ ಮುಖ ಅರಳಿತು.

ಷಡಕ್ಷರಪ್ಪ ಹುಬ್ಬು ಗಂಟಿಕ್ಕಿದರು. “ಡೀಸೆಲ್ ಕುಡಿಯೋನು ಒಬ್ಬ, ಎಳೆಯೋನು ಇನ್ನೊಬ್ಬ? ಯಾರ ಕಿವಿಗೆ ಹೂವ ಇಡ್ತೀಯಪ್ಪಾ? ಮೂವತ್ತು ವರ್ಷದಿಂದ ಲಾರಿ ಇಟ್ಕೊಂಡಿದೀನಿ. ಏಕಾಂತಯ್ಯಾ, ಈ ಹುಡ್ಗ ಇಂಜಿನ್ ಹತ್ತವ್ನೋ, ಇಲ್ಲ ಸ್ಟೇಷನ್ನಲ್ಲಿ ಟೀ ಮಾರ್ತಾನೋ?”

ಸಂಬಂಧ ತಂದಿದ್ದ ಏಕಾಂತಯ್ಯ ಹುಡುಗನ ತೊಡೆ ಚಿವುಟಿ ಪಿಸುಗುಟ್ಟಿದ. “ಎಷ್ಟೋ ಒಂದು ಲೆಕ್ಕ ಹೇಳ್ಬಿಡೋ. ನಿನ್ ಗಂಟೇನ್ ಹೋಯ್ತೈತೆ?”

ಸಾವಿರಾರು ಟನ್ನಿನ ಗೂಡ್ಸ್ ಎಳೆದಾಗಲೂ ಬೆವರದ ಬಸವಕುಮಾರ ಈಗ ಬೆವರಿದ. ಲಾರಿಗೇ ಐದು ಗೇರು. ರೈಲಿಗೆ ಅದಕ್ಕಿಂತ ಕಡಿಮೆ ಹೇಳಿದರೆ ಮರ್ಯಾದೆ ಉಳಿಯುತ್ತದೆಯೇ?

“ಎಂಟು ಸಾರ್. ಏರು ಬಂದ್ರೆ ಫಸ್ಟ್ ಗೇರು.”

“ಎಂಟು!” ಷಡಕ್ಷರಪ್ಪ ತೊಡೆ ತಟ್ಟಿಕೊಂಡರು. “ಹಂಗೆ ಹೇಳು ಮತ್ತೆ! ಆ ಕರೆಂಟಿನ ಕಥೆ?”

“ಸುಮ್ನೆ ತಮಾಷೆಗೆ ಅಂದೆ ಸಾರ್.”

ತಮ್ಮ ಜ್ಞಾನವೇ ಗೆದ್ದ ಸಂತೋಷಕ್ಕೆ ಷಡಕ್ಷರಪ್ಪ ಹೆಂಡತಿಯನ್ನು ಕೂಗಿ ಎಲ್ಲರಿಗೂ ಸಕ್ಕರೆ ಹಂಚಿಸಿದರು, ಲಗ್ನದ ತಿಂಗಳನ್ನೂ ಗೊತ್ತು ಮಾಡಿದರು. ಏಕಾಂತಯ್ಯನಂತೂ ಎರಡು ಸಲ ಸಕ್ಕರೆ ಈಸಿಕೊಂಡ. ಮಗಳನ್ನು ಒಂದು ಮಾತು ಕೇಳಬೇಕೆಂಬುದು ಅವರಿಗೆ ಕೊನೆಗೆ ನೆನಪಾಯಿತು.

“ನಂಗೆ ಬೇಡ ಅಪ್ಪಾಜಿ,” ಎಂದಳು ಉಷಾರಾಣಿ.

“ಎಂಟು ಗೇರು ಕಣವ್ವಾ!” ಷಡಕ್ಷರಪ್ಪ ಎಂಟು ಬೆರಳು ಎತ್ತಿ ತೋರಿಸಿದರು.

ಅವಳು ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತ ಬಸವಕುಮಾರನನ್ನು ನೇರವಾಗಿ ನೋಡಿದಳು.

“ಗೇರಿಲ್ಲ ಅಂದ್ರಲ್ಲ, ಆಗ ಒಪ್ಕೊಂಡಿದ್ದೆ ಕಣ್ರೀ.”