ಉಸ್ತಾದ್ ನಸ್ರಿಯ ಹಣೆಯ ಮಚ್ಚೆ

ಬೈರೂತಿನ ಟಿವಿಯಲ್ಲಿ ಪ್ರತಿ ಹೊಸ ವರ್ಷಕ್ಕೆ ದೇಶದ ಭವಿಷ್ಯ ಹೇಳುವ ಉಸ್ತಾದ್ ನಸ್ರಿಯ ಬೋಳುತಲೆಗೆ ಪೌಡರ್ ಹಚ್ಚುವ ಕೆಲಸ ಸಲ್ವಾಳದು. ಇಪ್ಪತ್ತೆರಡು ವರ್ಷದಿಂದ ಹಚ್ಚುತ್ತಿದ್ದಾಳೆ. ಆ ತಲೆಯೊಳಗೆ ಏನೂ ಇಲ್ಲ ಎಂಬುದನ್ನು ಅಷ್ಟು ಹತ್ತಿರದಿಂದ ಬಲ್ಲವರು ಇನ್ನೊಬ್ಬರಿಲ್ಲ.

ಅವನ ಹಣೆಯ ಮೇಲೊಂದು ಕಪ್ಪು ಮಚ್ಚೆ. ಹುಟ್ಟುವಾಗಲೇ ದೇವರು ಇಟ್ಟು ಕಳಿಸಿದ ಗುರುತು ಎಂದು ಅವನು ಹೇಳಿಕೊಳ್ಳುತ್ತಾನೆ, ಜನ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಅದನ್ನು ಇಡುವವಳು ಸಲ್ವಾ, ಹುಬ್ಬಿನ ಪೆನ್ಸಿಲ್ಲಿನಿಂದ, ಕೋಣೆಯ ಬಾಗಿಲು ಹಾಕಿಕೊಂಡು. ಕಾರ್ಯಕ್ರಮ ನಡೆಸುವ ರಬೀಹನಿಗೂ ಈ ಗುಟ್ಟು ಗೊತ್ತಿಲ್ಲ.

ಮೂವತ್ತೊಂದರ ರಾತ್ರಿ ಪರದೆಯ ಮೂಲೆಯಲ್ಲಿ 'ನೇರಪ್ರಸಾರ' ಎಂದು ಕೆಂಪಕ್ಷರ ಮಿನುಗುತ್ತದೆ. ಚಿತ್ರೀಕರಣ ಆಗುವುದು ಮಾತ್ರ ಡಿಸೆಂಬರ್ ಇಪ್ಪತ್ತೇಳರ ಮಧ್ಯಾಹ್ನ, ಊಟ ಮುಗಿಸಿ, ತೇಗುತ್ತಾ. ಉಸ್ತಾದ್ ಕಣ್ಣು ಮುಚ್ಚಿ, "ಕಡಲ ಹತ್ರ ಒಂದು ಕಟ್ಟಡ ಕಾಣ್ತಿದೆ. ಮುಂದೆ ಜನ ಸೇರಿದ್ದಾರೆ" ಅನ್ನುತ್ತಾನೆ. ಬೈರೂತಿನಲ್ಲಿ ಕಡಲ ಹತ್ತಿರ ಇಲ್ಲದ ಕಟ್ಟಡ ಯಾವುದಪ್ಪ? ಅಮೆರಿಕದ ಒಬ್ಬ ದೊಡ್ಡ ಮನುಷ್ಯ ಆಸ್ಪತ್ರೆ ಸೇರುತ್ತಾನೆ. ಯುರೋಪಿನ ಒಂದು ರಾಜಧಾನಿಗೆ ನೀರು ನುಗ್ಗುತ್ತದೆ. ಯಾರು, ಯಾವುದು ಅಂತ ಕೇಳುವ ಹಾಗಿಲ್ಲ, ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ದೇಶಕ್ಕೆ ದೇಶವೇ ಪಿಸ್ತಾ ಸುಲಿಯುತ್ತಾ ನೋಡಿ ನಕ್ಕು ಮಲಗುತ್ತದೆ.

ನಗದೆ ನೋಡುವವಳು ಒಬ್ಬಳಿದ್ದಳು, ಸಲ್ವಾಳ ತಾಯಿ. ಎಂಬತ್ತನಾಲ್ಕು ವರ್ಷ. ಕೇರಿಗೆಲ್ಲ ಅವಳು ಉಮ್ಮ್ ಗಸ್ಸಾನ್, ಅಂದರೆ ಗಸ್ಸಾನನ ಅಮ್ಮ. ಆ ಗಸ್ಸಾನ್ ಯುದ್ಧದ ಕಾಲದಲ್ಲಿ, ಸಾವಿರದ ಒಂಬೈನೂರ ಎಂಬತ್ತೈದರಲ್ಲಿ, ರೊಟ್ಟಿ ತರುತ್ತೇನೆಂದು ಹೋದವನು. ರಸ್ತೆಗೆ ಅಡ್ಡ ನಿಂತ ಬಂದೂಕಿನವರು ಅವನನ್ನು ಕಾರಿನಿಂದ ಇಳಿಸಿಕೊಂಡರಂತೆ. ಹೆಣ ಸಿಗಲಿಲ್ಲ, ಗೋರಿಯೂ ಇಲ್ಲ. ತಾಯಿ ಇವತ್ತಿಗೂ ಮೇಜಿನ ಮೇಲೆ ಅವನ ತಟ್ಟೆ ಇಡುತ್ತಾಳೆ. ಉಸ್ತಾದ್ ಪ್ರತಿ ವರ್ಷ ಕೊನೆಯಲ್ಲಿ, "ಕಾಣೆಯಾದವರಲ್ಲಿ ಒಬ್ಬರು ಈ ವರ್ಷ ಮನೆ ಸೇರ್ತಾರೆ" ಎಂದು ಒಂದು ರೈಲು ಬಿಡುತ್ತಾನೆ. ಅದೊಂದು ಮಾತಿಗಾಗಿ ಆಕೆ ವರ್ಷವಿಡೀ ಕಾಯುತ್ತಾಳೆ.

ಮನೆ ನಾಲ್ಕನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟು ಎಷ್ಟು ಕಾಲವಾಯಿತೋ. ನವೆಂಬರಿನಲ್ಲಿ ಮುದುಕಿ ಮೆಟ್ಟಿಲ ಮೇಲೆ ಬಿದ್ದು ಎರಡು ಗಂಟೆ ಹಾಗೆಯೇ ಒರಗಿದ್ದಳು.

"ನಮ್ಮನೆಗೆ ಬಂದ್ಬಿಡಮ್ಮಾ, ನೆಲಮಹಡಿ ಮನೆ, ನಾನೊಬ್ಳೇ ಇರೋದು" ಎಂದು ಸಲ್ವಾ ಬೇಡಿಕೊಂಡಳು.

"ನಾನು ಬಂದ್ಬಿಟ್ರೆ, ಅವನು ಬಂದು ತಟ್ಟಿದಾಗ ಬಾಗಿಲು ತೆಗೆಯೋರು ಯಾರೇ?"

ಇನ್ನೊಂದು ಸಲ ಬಿದ್ದರೆ ಅಮ್ಮ ಉಳಿಯುವುದಿಲ್ಲ. ಹಾಗಾಗಿ ಈ ಇಪ್ಪತ್ತೇಳರಂದು ಸಲ್ವಾ ಮಾನ ಬಿಟ್ಟು ಕೇಳಿದಳು.

"ಉಸ್ತಾದ್, ಈ ಸಲ ಮನೆ ಸೇರ್ತಾರೆ ಅನ್ಬೇಡಿ. ಎಂಬತ್ತೈದರಲ್ಲಿ ರೊಟ್ಟಿ ತರೋಕೆ ಹೋದ ಹುಡುಗ ಇನ್ನಿಲ್ಲ, ತಾಯಿ ಮೇಣದಬತ್ತಿ ಹಚ್ಲಿ ಅಂತ ಹೇಳಿ. ನಮ್ಮಮ್ಮ ನಿಮ್ಮ ಮಾತೊಂದೇ ನಂಬೋದು."

ಅವನು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದ. "ನನ್ನ ಹತ್ರ ಸಾಯೋದು ಮಂತ್ರಿಗಳು, ರಾಜರು. ರೊಟ್ಟಿ ತರೋಕೆ ಹೋದವರನ್ನೆಲ್ಲ ಸಾಯಿಸ್ತಾ ಕೂತ್ರೆ ಯಾರಮ್ಮ ನೋಡ್ತಾರೆ? ಮೂಗು ಹೊಳೀತಿದೆ, ಒರೆಸು."

ಸಲ್ವಾ ಒರೆಸಿದಳು. ಆ ಬಟ್ಟೆಯನ್ನು ಅವನ ಬಾಯಿಗೆ ತುರುಕಬೇಕೆನಿಸುವಷ್ಟು ಹೇಸಿಗೆಯಾಗಿತ್ತು. ಅವನು ಕ್ಯಾಮೆರಾದ ಮುಂದೆ ಹೋಗಿ, "ಈಗಿನ ಸರಕಾರ ಬೇಸಿಗೆವರೆಗೆ ಬಂಡೆ, ಅಲುಗಾಡಲ್ಲ!" ಎಂದು ಮೇಜು ಗುದ್ದಿದ.

ಮೂವತ್ತರ ಬೆಳಿಗ್ಗೆ ಪ್ರಧಾನಿ ರಾಜೀನಾಮೆ ಕೊಟ್ಟ.

ಹತ್ತು ಗಂಟೆಗೆ ಉಸ್ತಾದ್ ಅದೇ ಅಂಗಿ ತೊಟ್ಟು ಓಡಿಬಂದ. ಬಂಡೆಯ ಮಾತು ಕಿತ್ತು ಬೇರೆ ಮಾತು ಹೊಲಿಯಬೇಕಿತ್ತು. ರಬೀಹ್ ಹೊರಗಿನಿಂದ, "ಬೇಗ, ಬೇಗ!" ಎಂದು ಬಾಗಿಲು ಬಡಿಯುತ್ತಿದ್ದ. ಸಲ್ವಾ ಪೌಡರ್ ಹಚ್ಚಿದಳು. ಪೆನ್ಸಿಲ್ ಎತ್ತಿಕೊಂಡು ತನ್ನ ಜೇಬಿಗೆ ಹಾಕಿಕೊಂಡಳು.

"ಮಚ್ಚೆ ಇಡೇ!"

"ದೇವರು ಇಟ್ಟಿದ್ದಲ್ವಾ? ಅವನನ್ನೇ ಕೇಳಿ."

"ಹೆದರಿಸ್ತೀಯಾ ನನ್ನ?"

"ಭವಿಷ್ಯ ಹೇಳ್ತಿದ್ದೀನಿ ಉಸ್ತಾದ್. ನನಗೆ ಕಾಣ್ತಿದೆ. ರಬೀಹ್ ಬಾಗಿಲು ತೆಗೀತಾನೆ, ಬರೀ ಹಣೆ ನೋಡ್ತಾನೆ, ಸಂಜೆಯೊಳಗೆ ಊರೆಲ್ಲ ನೋಡುತ್ತೆ."

ಪೌಡರಿನ ಮೇಲೂ ಅವನ ಹಣೆ ಬೆವರಿತು. "ಏನು ಹೇಳ್ಬೇಕು, ಬೊಗಳು" ಅಂದ. ಸಲ್ವಾ ಹೇಳಿ, ಜೇಬಿನಿಂದ ಪೆನ್ಸಿಲ್ ತೆಗೆದಳು.

ಬಂಡೆ ಹೋಯಿತು, ಮನೆ ಸೇರುವ ಮಾತೂ ಹೋಯಿತು. "ಸರಕಾರ ಬಿದ್ದಿದ್ದು ನನಗೇನೂ ಆಶ್ಚರ್ಯ ಅಲ್ಲ. ಬೇಸಿಗೆವರೆಗೆ ಹೊಸದು ಬರಲ್ಲ" ಎಂದ. ಬೇಸಿಗೆಯನ್ನು ವ್ಯರ್ಥ ಮಾಡದೆ ಮಗುಚಿ ಹಾಕಿಕೊಂಡಿದ್ದ ನಾಚಿಕೆಗೆಟ್ಟವನು. ಆಮೇಲೆ ಸಲ್ವಾ ಹೇಳಿಕೊಟ್ಟ ಮಾತನ್ನು ಅಕ್ಷರ ಬಿಡದೆ ಹೇಳಿದ, ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದ. ಕ್ಯಾಮೆರಾದ ಹಿಂದೆ ನಿಂತಿದ್ದ ರಬೀಹ್ ಮೂಗು ಒರೆಸಿಕೊಂಡ.

ಹೊಸ ವರ್ಷದ ದಿನ ಮಧ್ಯಾಹ್ನ ಸಲ್ವಾ ಖಾಲಿ ಸೂಟ್‌ಕೇಸ್ ಹಿಡಿದು ನಾಲ್ಕು ಮಹಡಿ ಹತ್ತಿದಳು. ಅಮ್ಮನ ಬಟ್ಟೆ ತುಂಬಿ ಅವತ್ತೇ ಕರೆದೊಯ್ಯಬೇಕೆಂದಿದ್ದಳು. ವರ್ಷವೆಲ್ಲ ಬೆಳ್ಳಗಿರಲಿ ಎಂದು ಅಲ್ಲಿಯ ಪದ್ಧತಿಯಂತೆ ಅಮ್ಮ ಬಿಳಿ ಅಡುಗೆ ಮಾಡಿದ್ದಳು, ಮೊಸರಿನಲ್ಲಿ ಕಿಬ್ಬೆ ಎಂಬ ಮಾಂಸದುಂಡೆ ಬೇಯಿಸಿದ್ದಳು. ಮೇಜಿನ ಮೇಲೆ ತಟ್ಟೆ ಮೂರು.

"ಮೊನ್ನೆ... ನಿನ್ನೆ ಕಾರ್ಯಕ್ರಮ ನೋಡಿದ್ಯಾ ಅಮ್ಮಾ? ಉಸ್ತಾದ್ ಹೇಳಿದ್ದು..."

"ಕೇಳಿಸ್ಕೊಂಡೆ. ಕೆಟ್ಟಿರೋದು ಕಾಲು, ಕಿವಿಯಲ್ಲ."

ಅಳುತ್ತಾಳೆಂದು ಸಲ್ವಾ ಹತ್ತಿರ ಹೋದಳು. ಮುದುಕಿ ಸೌಟು ಆಡಿಸುತ್ತಲೇ ಇದ್ದಳು.

"ಇಪ್ಪತ್ತೆರಡು ವರ್ಷದಿಂದ ನೀನೇ ಬಡ್ಕೊಳ್ತಿದ್ದೀಯಲ್ಲೇ, ಆ ಮನುಷ್ಯ ಹೇಳಿದ್ದು ಒಂದಾದ್ರೂ ನಿಜ ಆಗಿದ್ಯಾ ಅಂತ. ರಾತ್ರಿ ಕೂತು ಯೋಚ್ನೆ ಮಾಡ್ದೆ. ನೀನು ಹೇಳಿದ್ದೇ ಸರಿ, ಒಂದೂ ಆಗಿಲ್ಲ. ಬರ್ತಾನೆ, ಬರ್ತಾನೆ ಅಂದ, ನನ್ನ ಮಗ ಬರ್ಲಿಲ್ಲ. ಈಗ ಸತ್ತ ಅಂದಿದ್ದಾನೆ." ಮುಖವೆಲ್ಲ ಅರಳಿಸಿಕೊಂಡು ಮೂರನೇ ತಟ್ಟೆಗೆ ಬಿಸಿ ಕಿಬ್ಬೆ ಬಡಿಸಿದಳು. "ಅಂದ್ಮೇಲೆ ಈ ವರ್ಷ ಬಂದೇ ಬರ್ತಾನೆ."

ಹೇಳಿಸಿದ್ದು ನಾನೇ ಎನ್ನಲು ಸಲ್ವಾ ಬಾಯಿ ತೆರೆದಳು. ಹಾಗಂದರೆ ಆ ಮಾತೂ ಸುಳ್ಳೇ ಎಂದು ಒಪ್ಪಿಕೊಂಡಂತೆ. ಬಾಯಿ ಮುಚ್ಚಿಕೊಂಡಳು. ಉಸ್ತಾದನ ಮೇಲಿದ್ದ ತಾತ್ಸಾರವೆಲ್ಲ ತಿರುಗಿ ತನ್ನ ಮೇಲೇ ಬಿತ್ತು.

ಆಗ ಅಮ್ಮನ ಕಣ್ಣು ಸೂಟ್‌ಕೇಸಿನ ಮೇಲೆ ಹೋಯಿತು.

"ಇಲ್ಲೇ ಇರೋಕೆ ಬಂದ್ಯಾ ಮಗಳೇ?"

"ಹೂಂ" ಅಂದಳು ಸಲ್ವಾ, ಕುರ್ಚಿ ಎಳೆದು ಅಣ್ಣನ ತಟ್ಟೆಯ ಎದುರು ಕೂತು.