ಕಿಟಕಿಯ ತಳದ ನೀಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಣ್ಣ ಬಳಿದು ನೋಡು ಎಂದು ಸೇರಿಸುವುದನ್ನು ಮರೆತುಬಿಟ್ಟರು. ಸೇರಿಸಿದ್ದರೆ ನಮ್ಮ ದರ್ಜಿಯಜ್ಜ ಸ್ವಲ್ಪ ಯೋಚನೆ ಮಾಡುತ್ತಿದ್ದನೇನೋ.

ಎರಡು ವರ್ಷದ ಮೊಮ್ಮಗಳಿಗೆ ಬೀದಿ ಕಡೆಯ ಕೋಣೆ ಸಿದ್ಧವಾಗಬೇಕಿತ್ತು. ದುಂಡು ಮುಖದ ಆ ಮಗುವನ್ನು ಅಜ್ಜ ಕರೆಯುತ್ತಿದ್ದದ್ದೇ ‘ಬಟನ್ನು’ ಎಂದು. ಗೋಡೆಗಳ ಕೆಲಸವನ್ನು ಮಗ ಮುಗಿಸಿದ್ದ. ಮರದ ಕಿಟಕಿ ಅಜ್ಜನ ಪಾಲಿಗೆ ಬಂತು.

ಕಿಟಕಿಯ ಕಂದು ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದಿತ್ತು. ಅದು ಮಗನ ಮದುವೆಗೆ ಬಳಿದದ್ದು. ಅದರ ಕೆಳಗೆ ಹಸಿರು, ಮಗ ಶಾಲೆಗೆ ಸೇರಿದ ವರ್ಷದ್ದು. ಅದರಡಿ ಹಳದಿ, ಅವನು ಹುಟ್ಟಿದಾಗಿನದು. ಎಲ್ಲದರ ತಳದಲ್ಲಿ ನೀಲಿ. ಈ ಮನೆಗೆ ಬಂದ ಮೊದಲ ವಾರ ಅಜ್ಜಿ ಕುರ್ಚಿ ಹತ್ತಿ ನಿಂತು ತಾನೇ ಬಳಿದ ನೀಲಿ ಅದು. ಅವಳ ಮೂಗಿನ ತುದಿಗೆ ಬಿದ್ದ ಚುಕ್ಕೆ ಮೂರು ದಿನವಾದರೂ ಹೋಗಿರಲಿಲ್ಲ. ಅಳತೆ ಕೊಡಲು ಬಂದವರೆಲ್ಲ ನೋಡಿ ನಕ್ಕಿದ್ದರು, ಅವರಿಗಿಂತ ಜೋರಾಗಿ ಅವಳೇ ನಕ್ಕಿದ್ದಳು. ಆಕೆ ತೀರಿಕೊಂಡು ಆರು ವರ್ಷ. ಆ ನೀಲಿಯನ್ನು ಇನ್ನೊಮ್ಮೆ ಕಣ್ತುಂಬ ನೋಡಬೇಕು, ಮೊಮ್ಮಗಳು ಅದರ ಪಕ್ಕದಲ್ಲೇ ಮಲಗಬೇಕು ಎಂದು ಅಜ್ಜನಿಗೆ ಆಸೆಯಾಯಿತು.

ಹಾಗಾಗಿ ಹಳೆಯದರ ಮೇಲೆ ಹೊಸ ಬಣ್ಣ ಬಳಿಯುವ ಬದಲು ಅಜ್ಜ ಕೆರೆಯಲು ಕೂತ. ಉಜ್ಜುವ ಕಾಗದ ಹಿಡಿದು ಮೂರು ದಿನ ತಿಕ್ಕಿದ್ದೇ ತಿಕ್ಕಿದ್ದು. ಬಟನ್ನು ಅವನ ಕಾಲ ಬಳಿ ಕೂತು, ಉದುರಿದ ಪುಡಿಯಲ್ಲಿ ಬೆರಳಾಡಿಸಿ, ಅದೇ ಬೆರಳನ್ನು ಚೀಪುತ್ತಿದ್ದಳು. ಮೂರನೆಯ ದಿನ ಅಂಗೈಯಗಲ ನೀಲಿ ಕಾಣಿಸಿತು. ಅಜ್ಜನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮಗುವಿನ ತೂಕ ನೋಡಲು ಬಂದ ಆರೋಗ್ಯ ಕಾರ್ಯಕರ್ತೆ ಬಾಗಿಲಲ್ಲೇ ನಿಂತಳು.

“ಅಜ್ಜ, ನಿಲ್ಲಿಸಿ! ಮೊದಲು ಮಗುವನ್ನ ಆಚೆ ಕರ್ಕೊಂಡು ಬನ್ನಿ.”

“ಏನೇ ಇದು, ಹಾವು ಕಂಡೋಳ ಹಾಗೆ ಕೂಗ್ತೀಯಲ್ಲ!”

“ಹಾವಾದ್ರೆ ಕಣ್ಣಿಗಾದ್ರೂ ಕಾಣುತ್ತೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು ಅಜ್ಜ. ಹೀಗೆ ಒಣಗಿದ್ದನ್ನೇ ಉಜ್ಜಿದ್ರೆ ಧೂಳಾಗಿ ಮನೆಯೆಲ್ಲ ಹರಡುತ್ತೆ. ಮಕ್ಕಳ ಹೊಟ್ಟೆಗೆ ಹೋದ್ರೆ ಮಿದುಳಿಗೇ ಪೆಟ್ಟು.”

“ಸಾಕು ಸುಮ್ನಿರು. ನೀನು ಶಾಲೆಗೆ ಹಾಕ್ಕೊಂಡು ಹೋದ ಅಂಗಿ ಹೊಲಿದೋನು ನಾನು, ನನಗೇ ಪಾಠ ಹೇಳ್ತೀಯಾ? ನನ್ನ ಮಗ ಇದೇ ಕಿಟಕಿ ಹತ್ರ ಬೆಳೆದ. ಗುಂಡುಕಲ್ಲಿನ ಹಾಗಿದಾನೆ!”

“ಆಗ ಬಣ್ಣ ಮರಕ್ಕೆ ಅಂಟ್ಕೊಂಡು ಸುಮ್ಮನಿತ್ತು. ಈಗ ನೀವೇ ಎಬ್ಬಿಸಿದೀರಿ.”

“ನೋಡು, ಹೇಗೆ ನಗ್ತಿದಾಳೆ. ಇವಳಿಗೇನಾಗಿದೆ?”

“ಅದೇ ಕಷ್ಟ ಅಜ್ಜ. ಎಷ್ಟೋ ಸಲ ಹೊರಗೆ ಏನೂ ಗೊತ್ತಾಗಲ್ಲ. ರಕ್ತ ಪರೀಕ್ಷೆ ಮಾಡಿಸಿದ್ರೇನೇ ತಿಳಿಯೋದು.”

ಸೊಸೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಮಾವ, ನೀವು ಬೈದ್ರೂ ಸರಿ, ನಾನು ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ,” ಎಂದು ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟಳು.

ವಾರದಲ್ಲಿ ಫಲಿತಾಂಶ ಬಂತು. ಬಟನ್ನಿನ ರಕ್ತದಲ್ಲಿ ಸೀಸ ಸೇರಿತ್ತು. “ಬೇಗ ಬಂದ್ರಿ, ಒಳ್ಳೇದಾಯ್ತು. ಆ ಧೂಳಿಂದ ದೂರ ಇಡಿ. ಮೂರು ತಿಂಗಳಿಗೆ ಮತ್ತೆ ನೋಡೋಣ,” ಎಂದರು ಡಾಕ್ಟರು.

ಅಂದು ಅಜ್ಜ ಊಟದ ತಟ್ಟೆ ಸರಿಸಿ ಎದ್ದ. ತನ್ನ ಕೈಯಾರೆ ಕೂಸಿನ ಬಾಯಿಗೆ ವಿಷ ಹಾಕಿದೆನಲ್ಲ ಎಂದು ಕೊರಗಿದ. ಅಜ್ಜಿ ಇದ್ದಿದ್ದರೆ ಏನೆನ್ನುತ್ತಿದ್ದಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು: “ಬಣ್ಣ ನೋಡ್ತಾ ಕೂತ್ರಾ? ಮೊದಲು ಮಗು ನೋಡ್ರಿ!”

ಮರುದಿನ ಅವನೇ ಕಾರ್ಯಕರ್ತೆಯ ಮನೆಗೆ ಹೋದ. “ಹೇಳು ತಾಯಿ, ಈಗೇನು ಮಾಡ್ಲಿ?” ಎಂದು ಕೇಳಿದ. ಅವಳು ಹೇಳಿದಂತೆ ಸೊಸೆ ಮಗುವಿನೊಂದಿಗೆ ತವರಿಗೆ ಹೋದಳು. ಕೆಲಸ ಬಲ್ಲ ಪೇಂಟರ್ ಬಂದು, ಮೂಗು ಬಾಯಿ ಮುಚ್ಚಿಕೊಂಡು, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮರಕ್ಕೆ ನೀರು ಸಿಂಪಡಿಸಿ, ಸಡಿಲ ಚಕ್ಕೆಗಳನ್ನಷ್ಟೇ ತೆಗೆದ. ಪೊರಕೆ ಮುಟ್ಟದೆ ಕೋಣೆಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದರು.

ಅಂಗಡಿಯಲ್ಲಿ ಅಜ್ಜ ನೀಲಿ ಕೇಳಲಿಲ್ಲ. “ಡಬ್ಬಿ ಮೇಲೆ ಸೀಸ ಇಲ್ಲ ಅಂತ ಬರೆದಿರೋದು ಕೊಡಿ. ಬಣ್ಣ ಯಾವುದಾದ್ರೂ ಆಗ್ಲಿ,” ಎಂದ. ಅಂಗೈಯಗಲದ ಆ ನೀಲಿಯನ್ನು ಇನ್ನೊಮ್ಮೆ ಕಣ್ತುಂಬ ನೋಡಿದ. ಆಮೇಲೆ ತಾನೇ ಮುಚ್ಚಿದ.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಸೀಸ ಇಳಿದಿತ್ತು. ಆ ಚೀಟಿಯನ್ನು ಅಜ್ಜ ಬೀದಿಯವರಿಗೆಲ್ಲ ತೋರಿಸಿ ಬಂದ.

ಬಂಧುಗಳೇ, ನಿಮ್ಮ ಮನೆಯಲ್ಲೂ ಹಳೇ ಬಾಗಿಲು, ಕಿಟಕಿ, ಮಂಚ ಇದ್ದೀತು. ಅದರ ಬಣ್ಣವನ್ನು ಒಣಗಿದ್ದಾಗ ಕೆರೆಯಬೇಡಿ, ಸುಡಲೂಬೇಡಿ. ಗಟ್ಟಿಯಾಗಿ ಕೂತಿರುವ ಬಣ್ಣವನ್ನು ಕೆದಕಬೇಡಿ. ಕೆಲಸ ಮುಗಿಯುವ ತನಕ ಮಕ್ಕಳೂ ಬಸುರಿಯರೂ ಆ ಮನೆಯಿಂದ ದೂರವಿರಲಿ. ಕೆರೆದದ್ದು ಆಗಿಹೋಗಿದ್ದರೆ ನಾಚಿಕೆ ಬೇಡ, ಇವತ್ತೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಕಿಟಕಿಗೆ ಎಷ್ಟು ಸಲ ಬೇಕಾದರೂ ಬಣ್ಣ ಬಳಿಯಬಹುದು, ಮಗುವಿನ ಮಿದುಳಿಗೆ ಬಿದ್ದ ಪೆಟ್ಟನ್ನು ಬಳಿದು ಮುಚ್ಚಲಾಗದು.