ಸುತ್ತಿಗೆ ಸದ್ದಿಗೂ ಏಳದ ಮಗು

ಆ ಬೀದಿಯ ತಿರುವಿನಲ್ಲಿ ಒಂದು ತಗಡಿನ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗ್ಗೆ ಬಾಗಿಲು ತೆಗೆದರೆ ಕತ್ತಲಾಗುವವರೆಗೂ ಠಣ್ ಠಣ್ ಠಣ್. ಅಜ್ಜ ಟ್ರಂಕು ಮಾಡುತ್ತಿದ್ದರು, ಸೋರುವ ಬಕೆಟ್ಟಿಗೆ ಹೊಸ ತಳ ಹಾಕುತ್ತಿದ್ದರು, ಡಬ್ಬಕ್ಕೆ ಮುಚ್ಚಳ ಬೆಸೆಯುತ್ತಿದ್ದರು. ಅಂಗಡಿಗೆ ಬಂದವರು ಏನು ಕೇಳಬೇಕಾದರೂ ಕೂಗಿಯೇ ಕೇಳಬೇಕು.

ಅಷ್ಟು ಗಲಾಟೆಯ ನಡುವೆ, ಮೂಲೆಯ ಹಾಸಿಗೆಯ ಮೇಲೆ, ಒಂದೂವರೆ ವರ್ಷದ ಮೊಮ್ಮಗಳು ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಳು. ಕೆನ್ನೆ ಗುಂಡು, ಹೊಟ್ಟೆ ಗುಂಡು. ಹಾಗಾಗಿ ಮನೆಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಉಂಡೆ ಎಂದು.

"ನೋಡಿ, ನೋಡಿ, ಎಂಥಾ ಗಟ್ಟಿ ಮಗು!" ಎಂದು ಅಜ್ಜಿ ಗಿರಾಕಿಗಳಿಗೆ ತೋರಿಸುತ್ತಿದ್ದರು. "ಬೇರೆ ಮಕ್ಕಳು ಚಮಚ ಬಿದ್ರೆ ಸಾಕು, ಕಿರ್ರೋ ಅಂತಾವೆ. ನಮ್ಮ ಉಂಡೆ ಸುತ್ತಿಗೆ ಸದ್ದಿಗೂ ಏಳಲ್ಲ!"

ಅಜ್ಜ ತಗಡು ತಿರುಗಿಸುತ್ತಾ ನಗುತ್ತಿದ್ದರು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇಲ್ಲಿ ಹೆತ್ತವಳು ಸುಮ್ನಿದ್ದಾಳೆ, ಅಜ್ಜಿ ಕುಣೀತಾಳೆ."

ಹೆತ್ತವಳು ನಿಜಕ್ಕೂ ಸುಮ್ಮನಿದ್ದಳು. ಅಜ್ಜಿಯ ಸೊಸೆ ಅವಳು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಉಂಡೆಯ ಅಪ್ಪ ಲಾರಿ ಚಾಲಕ, ಮನೆಗಿಂತ ದಾರಿಯಲ್ಲೇ ಹೆಚ್ಚು. ಸಂಜೆ ಸೊಸೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಉಂಡೇ!" ಎಂದು ಹಿಂದಿನಿಂದ ಕರೆಯುತ್ತಿದ್ದಳು. ಮಗು ತಿರುಗುತ್ತಿರಲಿಲ್ಲ. ಕಣ್ಣಿಗೆ ಬಿದ್ದ ಮೇಲೆ ಮಾತ್ರ ಎರಡೂ ಕೈ ಚಾಚಿ ಓಡಿ ಬರುತ್ತಿತ್ತು. ಒಂದು ದಿನ ಸೊಸೆ ಮೆಲ್ಲಗೆ ಬಾಯಿ ಬಿಟ್ಟಳು.

"ಅತ್ತೆ, ಇವಳು ಇನ್ನೂ ಅಮ್ಮ ಅಂತಾನೂ ಅಂದಿಲ್ವಲ್ಲ."

"ಅಯ್ಯೋ, ನಿನ್ನ ಗಂಡ ಮೂರು ತುಂಬೋವರೆಗೂ ಬಾಯಿ ಬಿಟ್ಟಿರ್ಲಿಲ್ಲ. ಈಗ ಅವನು ಮಾತು ನಿಲ್ಲಿಸಿದ್ರೆ ಸಾಕು ಅನ್ಸತ್ತೆ. ಎಲ್ಲಾ ತಾನಾಗೇ ಬರತ್ತೆ, ಹೋಗು."

ಸೊಸೆ ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಮಧ್ಯಾಹ್ನ ನರ್ಸಕ್ಕ ಅಂಗಡಿಗೆ ಬಂದರು. ಬೀದಿಯ ಮಕ್ಕಳಿಗೆಲ್ಲ ಲಸಿಕೆ ಹಾಕುವವರು ಅವರೇ. ಅವರ ಔಷಧಿ ಪೆಟ್ಟಿಗೆಯ ಚಿಲಕ ಕಿತ್ತುಹೋಗಿತ್ತು. ಅಜ್ಜ ಅದನ್ನು ಮಣೆಯ ಮೇಲಿಟ್ಟು ಬಡಿಯತೊಡಗಿದರು. ನರ್ಸಕ್ಕ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಮೂಲೆಯ ಹಾಸಿಗೆಯ ಕಡೆ ನೋಡಿದರು. ಉಂಡೆಯ ರೆಪ್ಪೆ ಕೂಡ ಅಲುಗಲಿಲ್ಲ.

ಅಜ್ಜಿ ಎಂದಿನಂತೆ ಹೆಮ್ಮೆಯಿಂದ, "ಹೇಗೆ ನಮ್ಮ ಉಂಡೆ?" ಎಂದರು.

ನರ್ಸಕ್ಕ ನಗಲಿಲ್ಲ. ಅಜ್ಜನಿಗೆ ಕೈ ಸನ್ನೆ ಮಾಡಿ ಸುತ್ತಿಗೆ ನಿಲ್ಲಿಸಿದರು. "ಅಜ್ಜಿ, ಹೆಸರು ಹಿಡಿದು ಕರೆದ್ರೆ ತಿರುಗಿ ನೋಡ್ತಾಳಾ?"

"ಮನಸ್ಸಿದ್ರೆ ನೋಡ್ತಾಳೆ. ಹಟಮಾರಿ."

"ಹುಟ್ಟಿದಾಗ ಆಸ್ಪತ್ರೇಲಿ ಕಿವಿ ಪರೀಕ್ಷೆ ಮಾಡಿಸಿದ್ರಾ?"

"ಮಾಡ್ತೀವಿ ಅಂದ್ರು. ಹಸುಗೂಸಿನ ತಲೆಗೆ ವೈರು ಗೀರು ಎಲ್ಲಾ ಯಾಕೆ ಅಂತ ನಾನೇ ಬೇಡ ಅಂದೆ."

"ಈಗಲಾದ್ರೂ ಒಂದ್ಸಲ ಮಾಡಿಸೋಣ. ಮಗೂಗೆ ಸರಿಯಾಗಿ ಕೇಳಿಸ್ತಿಲ್ಲ ಅಂತ ನನಗನ್ನಿಸತ್ತೆ."

ಅಜ್ಜಿಯ ಮುಖ ಕೆಂಪಾಯಿತು. "ಏನಂದ್ರಿ? ನಮ್ಮ ಮಗೂಗೆ ಕಿವುಡು ಅಂತ ಹಣೆಪಟ್ಟಿ ಕಟ್ತೀರಾ? ನಿಲ್ಲಿ, ಈಗಲೇ ತೋರಿಸ್ತೀನಿ!"

ಅವರು ಉಂಡೆಯನ್ನು ಎಬ್ಬಿಸಿ ನೆಲದ ಮೇಲೆ ಕೂರಿಸಿದರು. ಹಿಂದಿನಿಂದ ದಬದಬ ನಡೆದುಹೋಗಿ ಚಪ್ಪಾಳೆ ತಟ್ಟಿದರು. ಉಂಡೆ ತಟಕ್ಕನೆ ತಿರುಗಿದಳು.

"ಈಗೇನಂತೀರಿ?"

"ನೀವು ನಡೆದಾಗ ನೆಲ ಅದುರಿತು ಅಜ್ಜಿ. ಬಾಗಿಲ ಬೆಳಕಿನಲ್ಲಿ ನಿಮ್ಮ ನೆರಳು ಅವಳ ಮುಂದೆ ಬಿತ್ತು. ಅವಳು ಚೂಟಿ. ಕಿವಿ ಮಾಡಬೇಕಾದ ಕೆಲಸಾನ ಕಣ್ಣಿನಿಂದ, ಮೈಯಿಂದ ಮಾಡ್ತಿದ್ದಾಳೆ. ಅದಕ್ಕೇ ನಿಮಗ್ಯಾರಿಗೂ ಗೊತ್ತಾಗಿಲ್ಲ."

"ಚಿಲಕ ಆಯ್ತು, ತಗೊಂಡು ಹೊರಡಿ," ಎಂದರು ಅಜ್ಜಿ. ಅಜ್ಜ ಇನ್ನೂ ಚಿಲಕ ಕೂರಿಸಿಯೇ ಇರಲಿಲ್ಲ.

ಹೊರಡುವಾಗ ನರ್ಸಕ್ಕ ಬಾಗಿಲಲ್ಲಿ ನಿಂತರು. "ಬೈಯಿರಿ ಅಜ್ಜಿ, ಬೇಜಾರಿಲ್ಲ. ಆದ್ರೆ ಈ ವಯಸ್ಸು ಮತ್ತೆ ಬರಲ್ಲ. ಮಾತು ಕಲಿಯೋ ಕಾಲ ಇದು. ಬೇಗ ಗೊತ್ತಾದಷ್ಟೂ ಮಗೂಗೆ ಒಳ್ಳೇದು."

ಮರುದಿನ ಮನೆಯಲ್ಲಿ ಅಜ್ಜಿ ಮತ್ತು ಉಂಡೆ ಇಬ್ಬರೇ. ಅಜ್ಜ ತಗಡು ತರಲು ಹೋಗಿದ್ದರು. ಅಂಗಡಿ ಮುಚ್ಚಿತ್ತು. ಮನೆ ಅಷ್ಟು ನಿಶ್ಶಬ್ದವಾಗಿದ್ದುದು ಅಪರೂಪ. ನರ್ಸಕ್ಕನ ಮಾತು ಅಜ್ಜಿಗೆ ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಆ ಮಾತು ಸುಳ್ಳು ಮಾಡಿಯೇ ತೀರಬೇಕು ಎಂದುಕೊಂಡರು.

ಉಂಡೆಗೆ ಇಷ್ಟವಾದ ಆಟ ಕಣ್ಣಾಮುಚ್ಚಾಲೆ. ಅಜ್ಜಿ ಪರದೆಯ ಹಿಂದೆ ಅವಿತು "ಕೂ" ಎನ್ನುವುದು, ಉಂಡೆ ಬಂದು ಹಿಡಿದು ಕೇಕೆ ಹಾಕುವುದು. ಒಮ್ಮೆಯೂ ತಪ್ಪಿದ್ದಿಲ್ಲ. ಅಜ್ಜಿ ಪರದೆಯ ಹಿಂದೆ ಹೋದರು. ಆಮೇಲೆ ಏನನ್ನಿಸಿತೋ, ಬಗ್ಗಿ ನೋಡಿಕೊಂಡರು. ಪರದೆಯ ಕೆಳಗೆ ತಮ್ಮ ಎರಡೂ ಪಾದಗಳು ಎದ್ದು ಕಾಣುತ್ತಿದ್ದವು.

ಅವರು ಸದ್ದಿಲ್ಲದೆ ಅಲ್ಲಿಂದ ಸರಿದು ಬೀರುವಿನ ಹಿಂದೆ ನಿಂತರು. ಒಂದು ಸೀಳಿನಿಂದ ಮಗು ಕಾಣುತ್ತಿತ್ತು.

"ಕೂ!"

ಉಂಡೆ ನಗುತ್ತಾ ಪರದೆ ಎಳೆದಳು. ಅಲ್ಲಿ ಯಾರೂ ಇಲ್ಲ.

"ಕೂ! ಇಲ್ಲಿದ್ದೀನಿ ಕಂದಾ!"

ಉಂಡೆ ಬಾಗಿಲ ಕಡೆ ನೋಡಿದಳು. ಮಂಚದ ಕೆಳಗೆ ಇಣುಕಿದಳು. ನಗು ಮಾಯವಾಯಿತು.

"ಉಂಡೇ! ಇಲ್ಲೇ, ಬೀರೂ ಹತ್ರ! ಚಿನ್ನಾ!"

ಅಜ್ಜಿ ಈಗ ಕೂಗುತ್ತಿದ್ದರು. ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಮಗು ಕೋಣೆಯ ನಡುವೆ ನಿಂತು ಸುತ್ತಲೂ ನೋಡುತ್ತಿತ್ತು. ತುಟಿ ಅದುರಿತು. ಕಣ್ಣು ತುಂಬಿತು. ಅಜ್ಜಿ ತನ್ನನ್ನು ಬಿಟ್ಟುಹೋದರು ಎಂದೇ ತಿಳಿದು ಉಂಡೆ ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ಅಜ್ಜಿ ಓಡಿಬಂದು ಬಾಚಿ ತಬ್ಬಿಕೊಂಡರು. ಮಗುವಿನ ಅಳು ನಿಂತಿತು. ಅಜ್ಜಿಯದು ನಿಲ್ಲಲಿಲ್ಲ.

ಸಂಜೆ ಸೊಸೆ ಬಂದಾಗ ಅಜ್ಜಿ ಮಗುವಿಗೆ ಒಳ್ಳೆಯ ಅಂಗಿ ತೊಡಿಸಿ, ತಾವೂ ಹೊರಡುವ ಬಟ್ಟೆಯಲ್ಲಿ ಕುಳಿತಿದ್ದರು.

"ಎಲ್ಲಿಗೆ ಅತ್ತೆ?"

"ನರ್ಸಕ್ಕನ ಮನೆಗೆ. ಬಾ." ಅಜ್ಜಿ ಸೊಸೆಯ ಕೈ ಹಿಡಿದುಕೊಂಡರು. "ನಿನಗೆ ಮೊದಲೇ ಗೊತ್ತಾಗಿತ್ತು. ನಾನೇ ನಿನ್ನ ಬಾಯಿ ಮುಚ್ಚಿಸಿಬಿಟ್ಟೆ ಕಣಮ್ಮಾ."

ಸೊಸೆಯ ಕಣ್ಣಲ್ಲಿ ನೀರು ಬಂತು. ಆದರೂ ಅಂದಳು, "ಬನ್ನಿ ಅತ್ತೆ, ಅಳೋದೆಲ್ಲ ಆಮೇಲೆ. ಅವರು ಮನೇಲಿ ಇರೋವಾಗ್ಲೇ ಹೋಗೋಣ."

ನರ್ಸಕ್ಕ ಒಂದು ಕೊಂಕು ಮಾತೂ ಆಡಲಿಲ್ಲ. ಮರುದಿನ ಅಜ್ಜನೂ ಸೇರಿ ಎಲ್ಲರೂ ದೊಡ್ಡ ಆಸ್ಪತ್ರೆಗೆ ಹೊರಟಾಗ ತಾವೇ ಜೊತೆಗೆ ಬಂದರು. ಅಲ್ಲಿ ಉಂಡೆಯನ್ನು ಮಲಗಿಸಿ, ನಿದ್ದೆಯಲ್ಲೇ ಹಣೆಗೆ, ಕಿವಿಯ ಹಿಂದೆ ಪುಟ್ಟ ಪುಟ್ಟ ಪಟ್ಟಿ ಅಂಟಿಸಿದರು. ಸೂಜಿ ಇಲ್ಲ, ನೋವಿಲ್ಲ. ಅಜ್ಜಿ ಹೆದರಿದ್ದ ವೈರುಗಳನ್ನೆಲ್ಲ ಅಂಟಿಸಿಕೊಂಡು ಉಂಡೆ ಹಾಯಾಗಿ ಗೊರಕೆ ಹೊಡೆದಳು.

ವೈದ್ಯೆ ಬಿಡಿಸಿ ಹೇಳಿದರು. "ಎರಡೂ ಕಿವೀಲಿ ಕೇಳಿಸೋದು ತುಂಬಾ ಕಮ್ಮಿ ಇದೆ. ಕಿವಿಗೆ ಹಾಕೋ ಯಂತ್ರ ಕೊಡ್ತೀವಿ. ಜೊತೆಗೆ ಮಾತಿನ ತರಬೇತಿ. ಅದು ಸಾಲದೇ ಇದ್ರೆ ಬೇರೆ ದಾರಿಗಳೂ ಇವೆ. ಶಸ್ತ್ರಚಿಕಿತ್ಸೆ ಇದೆ, ಕೈಸನ್ನೆಯ ಭಾಷೆ ಇದೆ. ಮಗು ಯಾವ ದಾರೀಲೂ ಹಿಂದೆ ಬೀಳಬೇಕಾಗಿಲ್ಲ."

"ಯಂತ್ರ ಹಾಕಿದ ತಕ್ಷಣ ಮಾತಾಡ್ತಾಳಾ?" ಅಜ್ಜ ಕೇಳಿದರು.

"ಇಲ್ಲ. ಅವಳ ಕಿವಿ ಈಗಷ್ಟೇ ಹುಟ್ಟಿದ ಹಾಗೆ. ನೀವು ದಿನಾ ಮಾತಾಡಬೇಕು. ಅವಳ ಎದುರಿಗೆ ಕೂತು, ಮುಖ ಕಾಣೋ ಹಾಗೆ."

"ಮಾತಾಡೋದಾ?" ಅಜ್ಜ ಹೆಂಡತಿಯ ಕಡೆ ಕೈ ತೋರಿಸಿದರು. "ಡಾಕ್ಟ್ರೇ, ಈ ಔಷಧಿ ನಮ್ಮನೇಲಿ ಬೇಕಾದಷ್ಟಿದೆ!"

ವೈದ್ಯೆಗೂ ನಗು ತಡೆಯಲಾಗಲಿಲ್ಲ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲ ಸಲ ಯಂತ್ರ ಹಾಕಿದಾಗ ಉಂಡೆ ಬೆಚ್ಚಿ, ಅಮ್ಮನ ಎದೆಗೆ ಮುಖ ಒತ್ತಿ ಅತ್ತಳು. ಆಮೇಲಿನ ದಿನಗಳಲ್ಲಿ ಸಿಕ್ಕಿದಾಗಲೆಲ್ಲ ಕಿತ್ತು ಬಿಸಾಡಿದಳು. ಒಂದು ದಿನ ಬಲಗಿವಿಯ ಯಂತ್ರವೇ ಕಾಣೆ. ಮನೆಯೆಲ್ಲ ಜಾಲಾಡಿದರು. ಲಾರಿಯಿಂದ ಆಗತಾನೇ ಇಳಿದು ಬಂದ ಅಪ್ಪ ಕಸದ ಬುಟ್ಟಿಗೆ ಕೈ ಹಾಕಿದ, ಸೊಸೆ ಹಾಸಿಗೆ ಕೊಡವಿದಳು. ಕೊನೆಗೆ ಅಜ್ಜ ಹೊರಗೆ ಹೋಗೋಣವೆಂದು ಬೂಟಿಗೆ ಕಾಲು ತೂರಿಸಿ, "ಅಯ್ಯೋ!" ಎಂದು ಹೌಹಾರಿದರು. ಯಂತ್ರ ಅದರೊಳಗಿತ್ತು.

ಪುಣ್ಯಕ್ಕೆ ಮುರಿದಿರಲಿಲ್ಲ. ಅವತ್ತೇ ಅಜ್ಜ ತಗಡಿನಲ್ಲಿ ಅಂಗೈಯಗಲದ ಡಬ್ಬಿ ಮಾಡಿ, ಒಳಗೆ ಮೆತ್ತನೆ ಬಟ್ಟೆ ಅಂಟಿಸಿದರು. ಅಲ್ಲಿಂದ ಮುಂದೆ ಮಲಗುವಾಗ ಯಂತ್ರಕ್ಕೆ ಅದೇ ಮನೆ.

ಅಜ್ಜಿಯೂ ಪಟ್ಟು ಬಿಡಲಿಲ್ಲ. ಸ್ನಾನ ಮಾಡಿಸಿ ಒರೆಸಿ, ಯಂತ್ರ ಹಾಕಿದ ಮೇಲೆ, "ಇದು ಕಾಲು, ಇದು ಬೆರಳು." ಊಟದ ಹೊತ್ತಿಗೆ, "ಅನ್ನ ಬಿಸಿ, ಊಫ್!" ಕಿಟಕಿಯಲ್ಲಿ, "ಹಕ್ಕಿ ಹಾರ್ತು." ಕೆಲಸಕ್ಕೆ ಹೋಗುವ ಮುಂಚೆ ಸೊಸೆ, ಬಂದ ಮೇಲೆ ಮತ್ತೆ ಸೊಸೆ. ಅಜ್ಜ ಹಗಲಲ್ಲಿ ಸ್ವಲ್ಪ ಹೊತ್ತು ಬಡಿಯುವುದನ್ನು ನಿಲ್ಲಿಸಿ ತಾವೂ ಮಾತಿಗೆ ಕೂರತೊಡಗಿದರು. ವಾರಗಳು ಉರುಳಿದವು. ತಿಂಗಳುಗಳು ಉರುಳಿದವು. ಹೆಸರು ಕರೆದರೆ ಉಂಡೆ ತಿರುಗುವುದನ್ನು ಕಲಿತಳು. ಆದರೆ ಮಾತು ಬರಲಿಲ್ಲ.

"ಮೊದಲು ಅಜ್ಜಿ ಅಂತಾಳೆ, ನೋಡ್ತಿರಿ," ಎಂದು ಅಜ್ಜಿ.

"ಅಜ್ಜ ಅನ್ನೋದು ಅದಕ್ಕಿಂತ ಸುಲಭ," ಎಂದು ಅಜ್ಜ.

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕುಳಿತಿದ್ದರು. ಅಪ್ಪನೂ ಇದ್ದ. ಅಜ್ಜಿ ಬೇಯಿಸಿದ ಕ್ಯಾರೆಟ್ಟು ಹಿಸುಕಿ ತುತ್ತು ಮಾಡಿ ಉಂಡೆಯ ಬಾಯಿಯ ಹತ್ತಿರ ಹಿಡಿದರು. ಉಂಡೆ ತಲೆ ತಿರುಗಿಸಿದಳು. ಅಜ್ಜಿ ಮತ್ತೆ ಹಿಡಿದರು. ಉಂಡೆ ಹುಬ್ಬು ಗಂಟಿಕ್ಕಿ, ತಟ್ಟೆ ತಳ್ಳಿ, ಗಟ್ಟಿಯಾಗಿ ಅಂದಳು.

"ಬೇದ!"

ಎಲ್ಲರೂ ತಿರುಗಿ ನೋಡಿದರು.

"ಏನಂದ್ಲು?" ಅಪ್ಪ ಪಿಸುಗುಟ್ಟಿದ.

ಅಜ್ಜಿ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ಅದೇ ತುತ್ತನ್ನು ಇನ್ನೊಮ್ಮೆ ಮುಂದೆ ತಂದರು.

"ಬೇದಾ! ಬೇದ, ಬೇದ!"

"ಬೇಡವಂತೆ!" ಅಜ್ಜಿ ಕಿರುಚಿಬಿಟ್ಟರು. "ಕೇಳಿದ್ರಾ? ನನ್ನ ಉಂಡೆಗೆ ಕ್ಯಾರೆಟ್ಟು ಬೇಡವಂತೆ!" ಸೊಸೆ ಎಂಜಲು ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಅಪ್ಪ ಮಗಳನ್ನು ಎತ್ತಿ ಗಿರಗಿರ ತಿರುಗಿಸಿದ. ಅಜ್ಜ ಬೀದಿಗೆ ಓಡಿ, ಕಂಡಕಂಡವರಿಗೆಲ್ಲ ಹೇಳಿದರು. "ನಮ್ಮ ಮಗು ಬೇಡ ಅಂತು!" ಮೊಮ್ಮಗಳು ಬೇಡ ಅಂದದ್ದಕ್ಕೆ ಇಷ್ಟು ಸಂಭ್ರಮ ಪಡುವ ಮನೆಯನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ.

ಆ ವಾರವೆಲ್ಲ ಉಂಡೆ ಹಾಲಿಗೂ ಬೇಡ ಅಂದಳು, ಸ್ನಾನಕ್ಕೂ ಬೇಡ ಅಂದಳು. ಯಾರಿಗೂ ಬೈಯಲು ಮನಸ್ಸು ಬರಲಿಲ್ಲ. ಆಮೇಲೆ ಅಮ್ಮ ಬಂತು, ಹಕ್ಕಿ ಬಂತು, ಅಜ್ಜ ಮತ್ತು ಅಜ್ಜಿ ಒಂದೇ ದಿನ ಬಂದದ್ದರಿಂದ ಯಾರು ಮೊದಲು ಎಂಬ ಜಗಳ ಹಾಗೇ ಉಳಿಯಿತು. ಈಗ ಉಂಡೆ ಶಾಲೆಗೆ ಹೋಗುತ್ತಾಳೆ. ಎರಡೂ ಕಿವಿಯಲ್ಲಿ ಯಂತ್ರ, ಬಾಯಿ ತುಂಬ ಮಾತು. ಲಸಿಕೆಯ ದಿನ ಅಜ್ಜಿ ನರ್ಸಕ್ಕನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಬಂದ ಬಂದ ತಾಯಂದಿರನ್ನು ಹಿಡಿದು ಕೂರಿಸಿಕೊಳ್ಳುತ್ತಾರೆ. "ಕಿವಿ ಪರೀಕ್ಷೆ ಆಯ್ತಾ?" ಆಗಲಿಲ್ಲ ಎಂದವರನ್ನು ಅವರು ಸುಮ್ಮನೆ ಬಿಟ್ಟದ್ದನ್ನು ಯಾರೂ ನೋಡಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಒಂದು ಪುಟ್ಟ ಮಗು ಇದೆಯೇ? ಹುಟ್ಟಿದ ಕೂಡಲೇ ಅದರ ಕಿವಿ ಪರೀಕ್ಷೆ ಮಾಡಿಸಿ, ಮಗುವಿಗೆ ನೋವಾಗುವುದಿಲ್ಲ. ದೊಡ್ಡ ಸದ್ದಿಗೆ ಬೆಚ್ಚದಿದ್ದರೆ, ಆರು ತಿಂಗಳಾದರೂ ಸದ್ದು ಬಂದ ಕಡೆ ತಿರುಗದಿದ್ದರೆ, ವರ್ಷ ತುಂಬಿದರೂ ಹೆಸರಿಗೆ ಓಗೊಡದಿದ್ದರೆ, ಒಂದೂವರೆ ವರ್ಷಕ್ಕೂ ಒಂದು ಮಾತೂ ಬರದಿದ್ದರೆ, ಅಪ್ಪನೂ ಹೀಗೇ ಇದ್ದ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಹುಟ್ಟಿದಾಗ ಪರೀಕ್ಷೆ ಆಗಿದ್ದರೂ ಅನುಮಾನ ಬಂದರೆ ಮತ್ತೆ ತೋರಿಸಿ. ತಾಯಿಗೆ ಅನುಮಾನ ಬಂದರೆ ಅವಳ ಮಾತಿಗೆ ಕಿವಿಗೊಡಿ. ಹತ್ತಿರದ ಆರೋಗ್ಯ ಕೇಂದ್ರದ ಬಾಗಿಲು ತಟ್ಟಿ. ಇನ್ನೂ ಸ್ವಲ್ಪ ದಿನ ಕಾದು ನೋಡಿ ಎಂದು ಯಾರಾದರೂ ಹೇಳಿದರೆ, ಉಂಡೆಯ ಹಾಗೆ ಹುಬ್ಬು ಗಂಟಿಕ್ಕಿ ಗಟ್ಟಿಯಾಗಿ ಹೇಳಿಬಿಡಿ: ಬೇಡ!